ಹುಣಸೆದಿನ್ನಿಯ ಮೂವತ್ತೊಂದು ಜನ

ಪುಣೆ
೧೨ ನವೆಂಬರ್ ೧೯೬೨

ಶ್ರೀ ಅಸದುಲ್ಲಾ ಅವರಿಗೆ,

ವಂದನೆಗಳು. ದೀಪಾವಳಿಗೆ ಶಿವಮೊಗ್ಗಕ್ಕೆ ಬಂದಿದ್ದಾಗ ನಮ್ಮ ಭಾವನವರ ಜೊತೆ ಭದ್ರಾವತಿಯ ನಿಮ್ಮ ಷೆಡ್ಡಿಗೂ ಬಂದಿದ್ದೆ. ಅವರ ಲಾರಿ ಅಲ್ಲಿ ರಿಪೇರಿಗೆ ನಿಂತಿತ್ತು. ನೀವು ಲಾರಿಯ ಕೆಳಗೆ ಮಲಗಿಯೇ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರಿ. ನನ್ನ ಮುಖ ನೆನಪಿರಲಾರದು, ಪ್ರಶ್ನೆ ನೆನಪಿರಬಹುದು.

ನಾನು ದುರ್ಗಿಗುಡಿಯ ಶೇಷಮ್ಮನವರ ಮಗಳು. ಇಲ್ಲಿ ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಜನ ತಮ್ಮ ನೆರೆಯವರನ್ನೇ ಕುಲ ನೋಡಿ ಸಾಮೂಹಿಕವಾಗಿ ಕೊಲ್ಲುವುದು ಹೇಗೆ ಶುರುವಾಗುತ್ತದೆ, ಕೆಲವು ಕಡೆ ಅದು ಯಾಕೆ ನಡೆಯದೆ ನಿಲ್ಲುತ್ತದೆ ಎಂಬುದು ನನ್ನ ವಿಷಯ. ತುಂಗಭದ್ರೆಯ ಆಚೆ, ಹಿಂದಿನ ನಿಜಾಮ ಸೀಮೆಯ ಹತ್ತೊಂಬತ್ತು ಹಳ್ಳಿಗಳನ್ನು ಆರಿಸಿಕೊಂಡಿದ್ದೇನೆ. ನಲವತ್ತೆಂಟರ ಬೇಸಿಗೆಯಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರು ಅಲ್ಲಿನ ಹಿಂದೂಗಳ ಮೇಲೆ ಬಿದ್ದರು. ಸೆಪ್ಟೆಂಬರಿನಲ್ಲಿ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದಾಗ ಗುಂಪುಗಳು ಮುಸಲ್ಮಾನರ ಮೇಲೆ ಬಿದ್ದವು. ಎಂಟು ಹಳ್ಳಿಗಳಲ್ಲಿ ಕೊಲೆಗಳಾದವು. ಹನ್ನೊಂದರಲ್ಲಿ ಆಗಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ನನಗೆ ಬೇಕಾಗಿರುವುದು.

ಆ ಕಡೆಯಿಂದ ಬಂದು ಭದ್ರಾವತಿಯ ಕಾರ್ಖಾನೆಯ ಸುತ್ತ ನೆಲೆಸಿದ ಕುಟುಂಬಗಳಿವೆ ಎಂದು ಕೇಳಿದ್ದೇನೆ. ಅವರನ್ನು ಮಾತಾಡಿಸಲು ನೀವು ನೆರವಾಗಬಹುದೆ? ನೀವೂ ಆ ಕಡೆಯವರೆಂದು ಯಾರೋ ಹೇಳಿದರು. ಹೌದಾದರೆ ಯಾವ ಊರು?

ಇತಿ,
ಸೀತಾಲಕ್ಷ್ಮಿ


ಭದ್ರಾವತಿ
೨ ಡಿಸೆಂಬರ್ ೧೯೬೨

ಸೀತಾಲಕ್ಷ್ಮಿ ಅಮ್ಮನವರಿಗೆ ಅಸದುಲ್ಲಾನ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನನ್ನ ಅಕ್ಷರ ನೋಡಿ ನಗಬೇಡಿ. ನಾನು ಉರ್ದು ಶಾಲೆಯಲ್ಲಿ ಓದಿದವನು, ಕನ್ನಡ ಬರೆಯಲು ಕಲಿತದ್ದು ಈ ಊರಿಗೆ ಬಂದ ಮೇಲೆ, ಪಕ್ಕದ ಮನೆಯ ಪುಟ್ಟಲಕ್ಷ್ಮಿ ಟೀಚರಿಂದ.

ನಾನು ಹೊಸಪೇಟೆ ಕಡೆಯವನು. ನದಿಯ ಈಚೆ. ನಿಮಗೆ ಹೇಳಿದವರು ತಪ್ಪು ಹೇಳಿದ್ದಾರೆ.

ಆಚೆಯಿಂದ ಬಂದವರು ಇದ್ದಾರೆ. ನಮ್ಮ ಕೇರಿಯಲ್ಲೇ ಅಖ್ತರ್ ಬೀ ಎಂಬ ಮುದುಕಿ ಇದ್ದಾಳೆ, ಗಂಡನನ್ನೂ ಮೈದುನನನ್ನೂ ಅಲ್ಲಿ ಕಳಕೊಂಡವಳು. ಮೊದಲ ದಿನ ನನ್ನನ್ನು ಬೈದು ಕಳಿಸಿದಳು. ಎರಡನೆಯ ದಿನ, "ಆ ಬಾಯಿ ಏನ್ ಕೇಳ್ತಾಳೆ? ಎಷ್ಟ್ ಜನ ಸತ್ರು ಅಂತಾನಾ? ನಾನು ಆವತ್ತು ರೊಟ್ಟಿ ತಟ್ತಾ ಇದ್ದೆ. ಹಂಚಿನ ಮೇಲೆ ಒಂದು ರೊಟ್ಟಿ ಹಂಗೇ ಇತ್ತು. ಅದನ್ನ ಬರ್ಕೊಳ್ಳೋಕೆ ಹೇಳು" ಎಂದಳು. ಬರೆದುಕೊಂಡಿದ್ದೇನೆ. ಉಳಿದದ್ದನ್ನು ಅವಳು ಹೇಳಿದಂತೆ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ.

ಒಂದು ಮಾತು ಕೇಳುತ್ತೇನೆ. ಇದನ್ನೆಲ್ಲ ಬರೆದರೆ ಮುಂದೆ ಆಗುವುದು ನಿಲ್ಲುತ್ತದೆಯೆ?

ಅಸದುಲ್ಲಾ


ಪುಣೆ
೨೦ ಜನವರಿ ೧೯೬೩

ಶ್ರೀ ಅಸದುಲ್ಲಾ ಅವರಿಗೆ,

ಅಖ್ತರ್ ಬೀ ಹೇಳಿದ್ದು ತುಂಬ ಉಪಯುಕ್ತವಾಗಿದೆ. ಅವರಿಗೆ ನನ್ನ ಕೃತಜ್ಞತೆ ತಿಳಿಸಿ.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಬರೆದ ಮಾತ್ರಕ್ಕೆ ನಿಲ್ಲುವುದಿಲ್ಲ. ಆದರೆ ಕಾಲರಾ ಎಲ್ಲಿಂದ ಹರಡುತ್ತದೆಂದು ಗೊತ್ತಾಗುವ ಮುಂಚೆ ಅದನ್ನು ತಡೆಯಲು ಆಗಿರಲಿಲ್ಲ. ಇದೂ ಹಾಗೆಯೇ ಎಂಬುದು ನನ್ನ ನಂಬಿಕೆ. ಈಗ ನಮಗೆ ಗೊತ್ತಿರುವುದೆಲ್ಲ ಕೊಂದವರ ಬಗ್ಗೆ ಮತ್ತು ಸತ್ತವರ ಬಗ್ಗೆ. ಕೊಲ್ಲದೆ ಇದ್ದವರ ಬಗ್ಗೆ ಯಾರೂ ಬರೆದಿಟ್ಟಿಲ್ಲ.

ಒಂದು ಊಹೆಯಿಂದ ಹೊರಟಿದ್ದೇನೆ. ಎರಡು ಕೋಮಿನವರು ಒಂದೇ ಬಾವಿಯ ನೀರು ಸೇದುವ, ಒಂದೇ ಕಣದಲ್ಲಿ ಒಕ್ಕುವ, ಒಟ್ಟಿಗೆ ಮೊಹರಂ ಮಾಡುವ ಊರುಗಳಲ್ಲಿ ಕೊಲೆ ಆಗಿರಬಾರದು. ಏಪ್ರಿಲಿನಲ್ಲಿ ಹೋಗಿ ಪರೀಕ್ಷಿಸುತ್ತೇನೆ. ಉಳಿದ ಕುಟುಂಬಗಳ ಮಾತನ್ನೂ ದಯವಿಟ್ಟು ಬರೆದು ಕಳಿಸುತ್ತಿರಿ.

ಸೀತಾಲಕ್ಷ್ಮಿ


ಪುಣೆ
೯ ಮೇ ೧೯೬೩

ಶ್ರೀ ಅಸದುಲ್ಲಾ ಅವರಿಗೆ,

ಐದು ವಾರ ಬಿಸಿಲಲ್ಲಿ ತಿರುಗಿ ಬಂದೆ. ನೀವು ಕಳಿಸಿದ ಮೂರು ಕುಟುಂಬಗಳ ಹೇಳಿಕೆ ತಲುಪಿವೆ. ಪ್ರತಿಯಾಗಿ ನಾನು ಕಂಡದ್ದನ್ನು ಹೇಳುವುದು ನ್ಯಾಯ.

ನನ್ನ ಊಹೆ ತಪ್ಪಾಯಿತು. ಅದನ್ನು ಮುರಿದದ್ದು ಒಂದೇ ಒಂದು ಹಳ್ಳಿ, ಹುಣಸೆದಿನ್ನಿ. ಹತ್ತೊಂಬತ್ತರಲ್ಲಿ ಅಷ್ಟು ಬೆರೆತು ಬಾಳಿದ ಊರು ಇನ್ನೊಂದಿರಲಿಲ್ಲ. ಮೊಹರಮ್ಮಿನಲ್ಲಿ ಅಲ್ಲಾಬು ಕುಣಿಯುವವರಲ್ಲಿ ಹೆಚ್ಚಿನವರು ಹಿಂದೂಗಳು, ಊರಮ್ಮನಿಗೆ ಎಣ್ಣೆ ಕೊಡುತ್ತಿದ್ದದ್ದು ಮುಸಲ್ಮಾನರ ಮನೆ. ಅಲ್ಲಿ ಒಬ್ಬರೂ ಉಳಿಯಲಿಲ್ಲ. ಒಂಬತ್ತು ಮನೆ, ಮೂವತ್ನಾಲ್ಕು ಜನ. ಪಕ್ಕದ ಮುದ್ದಾಪುರದಿಂದ ಕೊಲ್ಲಲೆಂದೇ ಗುಂಪೊಂದು ಹೊರಟಿತ್ತು. ಅದು ಬಂದು ಮುಟ್ಟುವ ಮೊದಲೇ ಊರ ಗೌಡ ಬೀರಪ್ಪ ಕೆಲಸ ಮುಗಿಸಿದ್ದ.

ಈ ಬೀರಪ್ಪನನ್ನು ಕಂಡೆ. ಅರವತ್ತು ದಾಟಿದೆ, ಹೆಂಡತಿ ಸಣ್ಣಮ್ಮ ತೀರಿಕೊಂಡಿದ್ದಾಳೆ, ಒಬ್ಬನೇ ಅಡಿಗೆ ಮಾಡಿಕೊಳ್ಳುತ್ತಾನೆ. ಉಳಿದ ಊರುಗಳಲ್ಲಿ ಕೊಂದವರು ಮಾತು ಮರೆಸುತ್ತಾರೆ, ಇನ್ನೊಬ್ಬರ ಹೆಸರು ಹೇಳುತ್ತಾರೆ. ಈತ ಹಾಗಲ್ಲ. "ಹೌದ್ರಿ, ನಾನೇ" ಎಂದ. ನನ್ನನ್ನು ಕರೆದುಕೊಂಡು ಹೋಗಿ ಕಲ್ಲು ತುಂಬಿದ ಹಾಳು ಬಾವಿ ತೋರಿಸಿದ. "ಇದರಾಗ ಅದಾರ. ಬರಕೋರಿ." ಮನಸ್ಸಿಗೆ ಏನೂ ಅನ್ನಿಸಲಿಲ್ಲವೆ ಎಂದು ಕೇಳಿದೆ. "ಅದನ್ನ ಕೇಳಬ್ಯಾಡ್ರಿ" ಎಂದವನು ಎಮ್ಮೆಗೆ ನೀರು ಕುಡಿಸಲು ಎದ್ದು ಹೋದ.

ಅವನ ಒಬ್ಬಳೇ ಮಗಳು ಲಿಂಗಮ್ಮ ಮುದ್ದಾಪುರದ ಸೊಸೆ. ಆಗ ಅವಳಿಗೆ ಹನ್ನೆರಡು. ಅಪ್ಪ ಕೊಡಲಿ ಹಿಡಿದು ಬಾವಿಯ ಪಕ್ಕ ನಿಂತದ್ದನ್ನು ಕಣ್ಣಾರೆ ಕಂಡಳಂತೆ. ಸತ್ತವರಲ್ಲಿ ಅವಳ ಗೆಳತಿಯೂ ಇದ್ದಳು. ಮದುವೆಯಾಗಿ ಹೋದವಳು ತವರಿಗೆ ಕಾಲಿಟ್ಟಿಲ್ಲ, ತಾಯಿ ಸತ್ತಾಗಲೂ ಹೊರಗೇ ನಿಂತು ಹೋದಳು.

ಹಾಗಾದರೆ ಒಡನಾಟ ಕೊಲೆಯನ್ನು ತಡೆಯುವುದಿಲ್ಲ ಎಂದು ಬರೆಯಬೇಕಾಗಿದೆ. ನನಗೆ ಇಷ್ಟವಿಲ್ಲದ ತೀರ್ಮಾನ. ಆದರೆ ಸಾಕ್ಷ್ಯ ಅದನ್ನೇ ಹೇಳುತ್ತದೆ.

ಸೀತಾಲಕ್ಷ್ಮಿ


ಭದ್ರಾವತಿ
೨ ಸೆಪ್ಟೆಂಬರ್ ೧೯೬೩

ಅಮ್ಮನವರಿಗೆ ನಮಸ್ಕಾರ.

ಕಾಗದ ಬರೆಯಲು ತಡವಾಯಿತು. ಷೆಡ್ಡಿನಲ್ಲಿ ಕೆಲಸ ಇತ್ತು. ಅಮ್ಮನಿಗೂ ಹುಷಾರಿರಲಿಲ್ಲ.

ನಿಮ್ಮ ಬರಹದಲ್ಲಿ ಒಂದು ತಪ್ಪು ಇದೆ. ಹುಣಸೆದಿನ್ನಿಯಲ್ಲಿ ಆವತ್ತು ಇದ್ದದ್ದು ಮೂವತ್ನಾಲ್ಕು ಜನ ಅಲ್ಲ, ಮೂವತ್ತೊಂದು.

ಆ ಊರಿನ ವಿಷಯವನ್ನು ಈಗಲೇ ಅಚ್ಚು ಹಾಕಿಸಬೇಡಿ.

ಅಸದುಲ್ಲಾ


ಪುಣೆ
೧೫ ಸೆಪ್ಟೆಂಬರ್ ೧೯೬೩

ಶ್ರೀ ಅಸದುಲ್ಲಾ ಅವರಿಗೆ,

ನಾಲ್ಕು ತಿಂಗಳ ಮೇಲೆ ನಿಮ್ಮ ಪತ್ರ ಕಂಡು ಸಂತೋಷವಾಯಿತು. ತಾಯಿಯವರು ಈಗ ಗುಣವಾಗಿರಬೇಕೆಂದು ಆಶಿಸುತ್ತೇನೆ.

ಮೂವತ್ತೊಂದು ಎಂಬುದನ್ನು ನಿಮಗೆ ಹೇಳಿದವರು ಯಾರು? ಆ ಊರಿನ ನೆಂಟರು ಯಾರಾದರೂ ಭದ್ರಾವತಿಯಲ್ಲಿದ್ದರೆ ನಾನು ಅವರನ್ನು ಕಾಣಲೇಬೇಕು. ಬೀರಪ್ಪ ಮೂವತ್ನಾಲ್ಕು ಎನ್ನುತ್ತಾನೆ, ಮುದ್ದಾಪುರದವರೂ ಅದನ್ನೇ ಹೇಳುತ್ತಾರೆ. ಕೇಳಿದ ಮಾತಿನ ಮೇಲೆ ಅಂಕಿ ತಿದ್ದಲಾರೆ. ಯಾರೋ ದುಃಖದಲ್ಲಿ ಲೆಕ್ಕ ತಪ್ಪಿರಬಹುದು.

ಅಚ್ಚಿನ ವಿಷಯಕ್ಕೆ ಚಿಂತೆ ಬೇಡ. ಪ್ರಬಂಧ ಒಪ್ಪಿಸಲು ಇನ್ನೂ ಸಮಯವಿದೆ.

ಸೀತಾಲಕ್ಷ್ಮಿ


ಭದ್ರಾವತಿ
೬ ಅಕ್ಟೋಬರ್ ೧೯೬೩

ಸೀತಾಲಕ್ಷ್ಮಿ ಅಮ್ಮನವರಿಗೆ,

ಲೆಕ್ಕ ತಪ್ಪಿಲ್ಲ. ನಾನು ಹೊಸಪೇಟೆಯವನಲ್ಲ, ಹುಣಸೆದಿನ್ನಿಯವನು. ನೀವು ಬರೆದುಕೊಂಡ ಸತ್ತವರಲ್ಲಿ ನಾನೊಬ್ಬ. ನನ್ನ ತಾಯಿ ರೋಶನ್ ಬೀ ಇನ್ನೊಬ್ಬಳು. ಲಿಂಗಮ್ಮನ ಗೆಳತಿ ಎಂದು ಬರೆದಿರಲ್ಲ, ಅವಳು ನನ್ನ ತಂಗಿ ಮೆಹರ್ ಬಾನು. ಇಲ್ಲಿ ಶಾಲೆಯಲ್ಲಿ ಮೂರನೆ ಕ್ಲಾಸಿಗೆ ಪಾಠ ಹೇಳುತ್ತಾಳೆ. ನಿಮ್ಮ ಮೇ ತಿಂಗಳ ಕಾಗದವನ್ನು ನಾನು ಅವಳಿಗೆ ತೋರಿಸಿರಲಿಲ್ಲ. ಮೊನ್ನೆ ತೋರಿಸಿದೆ. ಆಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಆ ದಿನ ಬೆಳಿಗ್ಗೆ ಮುದ್ದಾಪುರದಲ್ಲಿ ಜನ ಸೇರುತ್ತಿದ್ದಾರೆಂದು ಸುದ್ದಿ ತಂದವನು ಹೂವಪ್ಪ, ಬೀರಪ್ಪನ ಮನೆಯ ಆಳು. ಊರಿನ ಹಿಂದೂಗಳು ಹೆದರಿ ದನಕರು ಹೊಡಕೊಂಡು ಗುಡ್ಡದ ಕಡೆ ಹೋದರು. ಲಿಂಗಮ್ಮನೂ ಹೋದಳು, ಅಪ್ಪನನ್ನು ಬಾವಿಯ ಪಕ್ಕ ಅವಳು ಕಂಡದ್ದು ತಿರುಗಿ ಬಂದ ಮೇಲೆ ಇರಬೇಕು. ಬೀರಪ್ಪ ನಮ್ಮ ಒಂಬತ್ತು ಮನೆಯವರನ್ನು ತನ್ನ ಕೊಟ್ಟಿಗೆಗೆ ಕರೆಸಿದ.

"ಅರ್ಧ ತಾಸಿನಾಗ ಹೊಂಡ್ರಿ. ಏನೂ ತಗೋಬ್ಯಾಡ್ರಿ. ಒಲಿ ಮ್ಯಾಲಿನ ಗಡಿಗಿ ಹಂಗ ಇರಲಿ" ಎಂದ.

ಅಮ್ಮ ಕೇಳಿದಳು, "ಮನಿ ಏನು ಮಾಡ್ತಿ ಗೌಡ?"

"ಸುಡ್ತೀನಿ. ನಂದೇ ಎರಡು ಎಮ್ಮಿ ಕಡದು ಬಾವಿಗೆ ಹಾಕಿ ಮ್ಯಾಲೆ ಕಲ್ಲು ಮುಚ್ತೀನಿ. ಬಂದವರಿಗೆ ನಾನೇ ಮುಗಿಸೀನಿ ಅಂತೀನಿ."

ಅವನೇ ಮತ್ತೆ ಹೇಳಿದ. "ಒಬ್ಬ ಬದುಕ್ಯಾನ ಅಂತ ಗೊತ್ತಾದ್ರ ನನ್ನ ಮನಿ ಉಳಿಯಂಗಿಲ್ಲ. ಹೊಳಿ ದಾಟಿದ ಮ್ಯಾಲೆ ನೀವು ಸತ್ತವರು. ತಿಳೀತಿಲ್ಲ? ಒಂದು ಕಾಗದಾನೂ ಬ್ಯಾಡ."

ಮೂರು ಗಾಡಿಯಲ್ಲಿ ಮೇವಿನ ಕೆಳಗೆ ಮಲಗಿ ಹೊರಟೆವು. ಹೂವಪ್ಪ ಮುಂದಿನ ಗಾಡಿ ಹೊಡೆದ, ನಡುವಿನ ಎತ್ತುಗಳು ಅದರ ಹಿಂದೆಯೇ ನಡೆದವು. ನಾನು ರುಮಾಲು ಸುತ್ತಿಕೊಂಡು ಹಿಂದಿನದನ್ನು ಹೊಡೆದೆ. ಎರಡು ಹರದಾರಿ ದಾಟಿ ತಿರುಗಿ ನೋಡಿದಾಗ ಹೊಗೆ ಕಂಡಿತು. ಅಮ್ಮ ನೋಡಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು. ಹರಿಗೋಲಿನಲ್ಲಿ ನಾಲ್ಕು ಸಲ ದಾಟಿದೆವು. ಮೂವತ್ತೊಂದು ಜನವೂ ದಾಟಿದೆವು. ಮೂರು ಜನ ಅದಕ್ಕಿಂತ ಎರಡು ತಿಂಗಳು ಮುಂಚೆ ಹೈದರಾಬಾದಿಗೆ ಹೋಗಿದ್ದರು. ಗುಂಪಿನವರು ಅವರನ್ನು ಹುಡುಕಬಾರದೆಂದು ಬೀರಪ್ಪ ಅವರನ್ನೂ ಸೇರಿಸಿ ಹೇಳಿರಬೇಕು.

ಅವನ ಮಾತನ್ನು ಉಳಿಸಿಕೊಂಡೆವು. ಅವನನ್ನು ಎಲ್ಲರೂ ಕೊಲೆಗಾರ ಎನ್ನುತ್ತಾರೆಂದು ನಮಗೆ ಅಂದಾಜು ಇತ್ತು. ಮಗಳೇ ಹಾಗೆ ತಿಳಿದಿದ್ದಾಳೆಂದು ನಿಮ್ಮ ಕಾಗದ ಬರುವವರೆಗೂ ಗೊತ್ತಿರಲಿಲ್ಲ.

ಇನ್ನೊಂದು ಇದೆ. ಇದನ್ನು ಮೆಹರ್‌ಗೂ ಹೇಳಿಲ್ಲ. ಮುದ್ದಾಪುರದವರು ನಮ್ಮ ಊರಿಗೇ ಯಾಕೆ ಹೊರಟರು ಎಂದು ನೀವು ಬರೆದಿಲ್ಲ, ಬಹುಶಃ ಅವರು ಹೇಳಿಲ್ಲ. ಆ ಜೂನಿನಲ್ಲಿ ರಜಾಕಾರರ ದಂಡು ಮುದ್ದಾಪುರದ ಕಣಕ್ಕೆ ಬೆಂಕಿ ಹಾಕಿತು. ಅವರ ಜೊತೆ ನಾನೂ ಇದ್ದೆ. ನನಗೆ ಇಪ್ಪತ್ತೊಂದು ವರ್ಷ. ಖಾಕಿ ಅಂಗಿ ಕೊಟ್ಟಿದ್ದರು, ಎಲ್ಲರೂ ಸಲಾಮು ಮಾಡುತ್ತಿದ್ದರು. ಒಂದು ಬಣವೆಗೆ ನಾನೇ ಪಂಜು ಇಟ್ಟೆ. ಅದರ ಹಿಂದೆ ಇಬ್ಬರು ಕಾವಲು ಮಲಗಿದ್ದರೆಂದು ಮಾರನೆಯ ದಿನ ಗೊತ್ತಾಯಿತು. ಬೀರಪ್ಪನಿಗೂ ಗೊತ್ತಿತ್ತು. ಗಾಡಿ ಹತ್ತುವಾಗ ನನ್ನ ಮುಖ ನೋಡಿದ. "ನೀನೂ ಹತ್ತು" ಎಂದ, ಅಷ್ಟೆ.

ಇದನ್ನು ಎಲ್ಲಿ ಬರೆಯುತ್ತೀರೋ ಗೊತ್ತಿಲ್ಲ. ಬರೆಯುವ ಮುಂಚೆ ಬೀರಪ್ಪನನ್ನು ಒಂದು ಸಲ ಕೇಳಿ.

ಅಸದುಲ್ಲಾ


ದುರ್ಗಿಗುಡಿ, ಶಿವಮೊಗ್ಗ
೩ ಜನವರಿ ೧೯೬೪

ಅಸದುಲ್ಲಾ ಅವರೆ,

ಭದ್ರಾವತಿ ಇಲ್ಲಿಂದ ಹನ್ನೊಂದು ಮೈಲಿ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ನಿನ್ನೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ಅಮ್ಮ, "ಅದೇನು ಮಾರಾಯ್ತಿ, ಹೋಗೋದಾದ್ರೆ ಹೋಗು, ಇಲ್ದಿದ್ರೆ ಊಟಕ್ಕೆ ಕೂತ್ಕೋ" ಎಂದರು. ಊಟಕ್ಕೆ ಕೂತೆ. ಆದ್ದರಿಂದ ಈ ಪತ್ರ.

ಮೊದಲು ನನ್ನ ತಪ್ಪು. ಸೆಪ್ಟೆಂಬರಿನಲ್ಲಿ ಅಚ್ಚಿನ ಚಿಂತೆ ಬೇಡ ಎಂದು ಬರೆದೆನಲ್ಲ, ಅದು ಪ್ರಬಂಧದ ಮಟ್ಟಿಗೆ ಮಾತ್ರ ನಿಜ. ಹುಣಸೆದಿನ್ನಿಯ ಬಗ್ಗೆ ಒಂದು ಲೇಖನವನ್ನು ನಾನು ಜೂನಿನಲ್ಲೇ ಒಂದು ಪತ್ರಿಕೆಗೆ ಕಳಿಸಿದ್ದೆ. ನಿಮ್ಮ ಅಕ್ಟೋಬರ್ ಪತ್ರ ಬರುವ ಹೊತ್ತಿಗೆ ಅದು ಅಚ್ಚಾಗಿತ್ತು. ಊರಿನ ಹೆಸರೂ ಬೀರಪ್ಪನ ಹೆಸರೂ ಇದ್ದ ಹಾಗೇ ಇವೆ. ಹೆಸರು ಬದಲಿಸುವುದು ನಮ್ಮ ಪದ್ಧತಿ. ಕೊಂದವನೆಂದು ತಾನೇ ಒಪ್ಪಿಕೊಂಡವನಿಗೆ ಆ ಮರ್ಯಾದೆ ಯಾಕೆ ಅನ್ನಿಸಿತ್ತು. ಓದುವವರು ಇನ್ನೂರು ಜನ ಇರಬಹುದು, ಎಲ್ಲರೂ ಇಂಗ್ಲಿಷ್ ಬಲ್ಲವರು. ಅದರಿಂದ ತಪ್ಪು ಸಣ್ಣದಾಗುವುದಿಲ್ಲ.

ಡಿಸೆಂಬರಿನಲ್ಲಿ ಹುಣಸೆದಿನ್ನಿಗೆ ಹೋದೆ. ಬೀರಪ್ಪ ಹೊಲದಲ್ಲಿದ್ದ. ಹತ್ತಿರ ಯಾರೂ ಇರಲಿಲ್ಲ. ನಿಮ್ಮ ಹೆಸರು ಹೇಳಿದೆ. ಕುಡುಗೋಲು ಕೆಳಗಿಟ್ಟ.

"ಎಲ್ಲಾರೂ ಹೊಳಿ ದಾಟಿದ್ರೇನು?" ಎಂದು ಕೇಳಿದ.

ಹೂವಪ್ಪ ನಿಮ್ಮನ್ನು ದಂಡೆಗೆ ಬಿಟ್ಟು, ಬೆಳಗಾಗುವುದರೊಳಗೆ ಗಾಡಿ ಮನೆಗೆ ಮುಟ್ಟಬೇಕೆಂದು ತಿರುಗಿ ಬಂದಿದ್ದನಂತೆ. ಹೊಳೆ ತುಂಬಿತ್ತು ಎಂದಷ್ಟೇ ಹೇಳಿದ್ದನಂತೆ. ಈ ಹದಿನೈದು ವರ್ಷ ಬೀರಪ್ಪನಿಗೆ ಅದಕ್ಕಿಂತ ಮುಂದಿನದು ಗೊತ್ತಿರಲಿಲ್ಲ. ಎಲ್ಲರೂ ದಾಟಿದರು ಎಂದೆ. ದಾರಿಯಲ್ಲೇ ಯಾವುದಾದರೂ ಕೂಸು, ಮುದುಕರು ತೀರಿಹೋದರೋ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ನನಗೆ ಗೊತ್ತಿದ್ದವರ ಬಗ್ಗೆ ಹೇಳಿದೆ. ಕೊನೆಗೆ, "ಹಂಗಾದ್ರ ಸರಿ" ಎಂದ.

ಈ ವಿಷಯ ಬರೆಯಬಹುದೆ ಎಂದು ಕೇಳಿದೆ. ಬೇಡವೆಂದ. ಮಗಳಿಗಾದರೂ ಹೇಳುತ್ತೇನೆ ಎಂದೆ. ಅದಕ್ಕೆ ಅವನು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಅಕಿ ಮುದ್ದಾಪುರದ ಸೊಸಿ. ಇದು ತಿಳದ ಮ್ಯಾಲೆ ಅಕಿ ಬಾಯಿ ಮುಚ್ಚಿಕೊಂಡು ಅಲ್ಲಿ ಬಾಳೇವು ಮಾಡಬೇಕು. ಇಷ್ಟು ದಿನ ನನ್ನ ಬೈಕೋತ ಬದುಕ್ಯಾಳ. ಹೇಳಿದ್ರ ತನ್ನನ್ನ ಬೈಕೋತಾಳ. ಬ್ಯಾಡ್ರಿ."

ಮಾಹಿತಿ ಕೊಟ್ಟವನ ಇಚ್ಛೆಯನ್ನು ಮೀರುವ ಹಕ್ಕು ನನಗಿಲ್ಲ. ಪ್ರಬಂಧದಲ್ಲಿ ಇನ್ನು ಹದಿನೆಂಟು ಹಳ್ಳಿಗಳು ಮಾತ್ರ ಇರುತ್ತವೆ. ತಡೆಯ ಬಗೆಗಿನ ಅಧ್ಯಾಯದಲ್ಲಿ ನನಗೆ ಸಿಕ್ಕ ಒಂದೇ ನಿಜವಾದ ಉದಾಹರಣೆ ಇರುವುದಿಲ್ಲ. ನೀವೂ ಸುಮ್ಮನಿರಬೇಕೆಂದು ಕೇಳಿಕೊಳ್ಳುತ್ತೇನೆ.

ಸೀತಾಲಕ್ಷ್ಮಿ


ಭದ್ರಾವತಿ
೧ ಮಾರ್ಚ್ ೧೯೬೪

ಸೀತಾಲಕ್ಷ್ಮಿಯವರಿಗೆ,

ನಾನು ಸುಮ್ಮನಿದ್ದೆ. ಮೆಹರ್ ಇರಲಿಲ್ಲ. ನಿಮ್ಮ ಕಾಗದ ಓದಿ, "ಅವರಿಬ್ರೂ ದೊಡ್ಡವರು ಸೇರ್ಕೊಂಡು ಲಿಂಗಿಗೆ ಏನು ಬೇಕು ಅಂತ ತೀರ್ಮಾನ ಮಾಡಿದ್ರಾ? ನಾನು ಹೋಗ್ತೀನಿ" ಎಂದಳು. ಅಮ್ಮ ತಡೆದಳು, ನಾನೂ ತಡೆದೆ. ಶಾಲೆಗೆ ನಾಲ್ಕು ದಿನ ರಜೆ ಹಾಕಿ ಹೋಗಿಯೇಬಿಟ್ಟಳು. ನಾನು ಜೊತೆಗೆ ಹೋಗಲಿಲ್ಲ. ಮುದ್ದಾಪುರಕ್ಕೆ ನಾನು ಹೋಗುವಂತಿಲ್ಲ ಎಂಬುದು ನಿಮಗೆ ಗೊತ್ತು. ಅವಳಿಗೆ ಗೊತ್ತಿರಲಿಲ್ಲ, ಹೇಡಿ ಎಂದು ಬೈದು ಹೋದಳು.

ಅವಳು ಬಂದು ಹೇಳಿದ್ದನ್ನು ಬರೆಯುತ್ತೇನೆ.

ಲಿಂಗಮ್ಮ ಹೊಲದ ಬದುವಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳಂತೆ. ಗುರುತು ಸಿಗಲಿಲ್ಲ. ಯಾರೋ ಜನರ ಲೆಕ್ಕ ಬರೆಯಲು ಬಂದ ಟೀಚರು ಅಂದುಕೊಂಡು, "ನಮ್ಮನ್ಯಾಗ ಐದು ಮಂದಿರಿ" ಎಂದಳಂತೆ. ಮೆಹರ್ ತನ್ನ ಹೆಸರು ಹೇಳಿದಳು. ಲಿಂಗಮ್ಮ ನಂಬಲಿಲ್ಲ. ಮೆಹರ್ ಅವಳ ಪಕ್ಕ ಕೂತು ಗಾಡಿ, ಮೇವು, ಎಮ್ಮೆ, ಎಲ್ಲ ಹೇಳಿದಳು. ಲಿಂಗಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನ ತಂಗಿಯ ಕೆನ್ನೆಗೆ ಒಂದು ಹೊಡೆದಳು.

"ಹದಿನೈದು ವರ್ಷ" ಎಂದಳಂತೆ. "ಒಂದು ಕಾರ್ಡು ಹಾಕಾಕ ಆಗಲಿಲ್ಲೇನ ನಿನಗ? ನೀ ಬದುಕಿದ್ದಿ. ನಾನು ಇಲ್ಲಿ ನಿನ್ನ ಸಲುವಾಗಿ ಅತ್ತು ಅತ್ತು ನಮ್ಮಪ್ಪನ್ನ ಬಿಟ್ಟೆ. ನಮ್ಮವ್ವ ಸತ್ತಾಗ ಬಾಗಲ ದಾಟಲಿಲ್ಲ."

ಮೆಹರ್, ನಿಮ್ಮಪ್ಪನೇ ಬೇಡ ಎಂದಿದ್ದ ಎಂದಳಂತೆ. "ಅಂವ ಅಂದ. ನಿನಗ ಬುದ್ಧಿ ಇರಲಿಲ್ಲೇನ?" ಎಂದು ಲಿಂಗಮ್ಮ ಬುತ್ತಿ ಕಟ್ಟಿಕೊಂಡು ಎದ್ದು ಹೋದಳು. ಮೆಹರ್ ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಿದ್ದಾಗ ಅವಳು ಹುಣಸೆದಿನ್ನಿಯ ದಾರಿ ಹಿಡಿದು ನಡೆದು ಹೋಗುವುದು ಕಂಡಿತಂತೆ. ಕರೆದಳು. ತಿರುಗಲಿಲ್ಲ.

ಮೆಹರ್ ಬಂದಾಗಿನಿಂದ ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಬಣವೆಯ ವಿಷಯವನ್ನೂ ಹೇಳಿಬಿಟ್ಟೆ. ಅವಳಿಗೆ ಸುಮ್ಮನಿರಲು ಅದೂ ಒಂದು ಕಾರಣ.

ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮಿಸಿ ಎಂದು ಬರೆಯಬೇಕು. ನಿಜ ಹೇಳುವುದಾದರೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ಅಸದುಲ್ಲಾ


ಪುಣೆ
೧೪ ಡಿಸೆಂಬರ್ ೧೯೬೪

ಅಸದುಲ್ಲಾ ಅವರೆ,

ನಿಮ್ಮ ಮಾರ್ಚ್ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಕೋಪ ಬಂದಿತ್ತು. ಆಮೇಲೆ ಆ ಕೋಪಕ್ಕೆ ಆಧಾರ ಹುಡುಕಿದೆ, ಸಿಗಲಿಲ್ಲ. ಮೆಹರ್ ಬಾನು ಅವರಿಗೆ ಇದನ್ನು ಹೇಳಿ.

ಬೀರಪ್ಪ ನವೆಂಬರ್ ಕೊನೆಯಲ್ಲಿ ತೀರಿಕೊಂಡ. ಆ ವಾರ ನಾನು ಹತ್ತಿರದ ಊರಲ್ಲೇ ಇದ್ದೆ, ಮಣ್ಣಿಗೆ ಹೋದೆ. ಲಿಂಗಮ್ಮ ಫೆಬ್ರವರಿಯಿಂದ ಅಪ್ಪನ ಮನೆಯಲ್ಲೇ ಇದ್ದಳು. ಅಪ್ಪ ಏನಾದರೂ ಹೇಳಿದನೆ ಎಂದು ಕೇಳಿದೆ. "ಇಲ್ರಿ. ನಾನೂ ಕೇಳಲಿಲ್ಲ. ರೊಟ್ಟಿ ಮಾಡಿ ಹಾಕಿದೆ, ಉಂಡ" ಎಂದಳು.

ಮುದ್ದಾಪುರದಿಂದ ಇಪ್ಪತ್ತು ಇಪ್ಪತ್ತೈದು ಜನ ಬಂದಿದ್ದರು. ಅವರ ಹಿರಿಯ ಗಿಡ್ಡಯ್ಯ ಹೂವಿನ ಹಾರ ತಂದಿದ್ದ. ನಲವತ್ತೆಂಟರಲ್ಲಿ ಆ ಗುಂಪನ್ನು ಕರೆತಂದವನು ಅವನೇ. ಹಾರ ಹಾಕಲು ಬಗ್ಗಿದಾಗ ಲಿಂಗಮ್ಮ ಎದ್ದು ಅಡ್ಡ ನಿಂತಳು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಮ್ಮಪ್ಪ ಯಾರನ್ನೂ ಕೊಂದಿಲ್ಲ. ಮೂವತ್ತೊಂದು ಮಂದೀನೂ ಹೊಳಿ ದಾಟಿಸ್ಯಾನ. ಅದಾರ ಅವರು. ಇದು ತಿಳಕೊಂಡು ಹಾರ ಹಾಕೋದಿದ್ರ ಹಾಕು."

ನಾನು ಎಲ್ಲರ ಮುಖ ನೋಡಿದೆ. ಏನಾದರೂ ಆಗಬಹುದು ಎಂದುಕೊಂಡೆ. ಹುಣಸೆದಿನ್ನಿಯವರು ಬಾಯಿ ತೆರೆದು ನಿಂತಿದ್ದರು. ಮುದ್ದಾಪುರದವರಲ್ಲಿ ವಯಸ್ಸಾದವರು ನೆಲ ನೋಡುತ್ತಿದ್ದರು.

ಗಿಡ್ಡಯ್ಯ ಹೇಳಿದ. "ಗೊತ್ತೈತವ್ವ."

ಹಾರ ಹಾಕಿದ.

ಮಣ್ಣು ಮುಗಿದ ಮೇಲೆ ಅವನ ಪಕ್ಕ ಹೋಗಿ ಕೂತೆ. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ.

"ಆವತ್ತಿಂದಾನೇ. ಬಾವಿ ಕಲ್ಲಿನ ಸಂದ್ಯಾಗ ಎಮ್ಮಿ ಗೊರಸು ಕಾಣತಿತ್ತು. ನಾನು ನೋಡಿದೆ. ನನ್ನ ಮಗ್ಗಲ ನಿಂತವರೂ ನೋಡಿದ್ರು. ಯಾರೂ ಏನೂ ಅನಲಿಲ್ಲ."

"ಮತ್ಯಾಕೆ ಸುಮ್ಮನೆ ಹೋದಿರಿ?"

ಅವನು ಹೇಳಿದ. "ಬರುವಾಗ ಎಲ್ಲಾರೂ ಕೂಡಿ ಬಂದ್ವಿ. ಅರ್ಧ ದಾರ್ಯಾಗ ನನಗ ಸಾಕಾಗಿತ್ತು. ಇನ್ನೊಬ್ಬರಿಗೂ ಆಗಿತ್ತೇನೋ. ಆದರ ತಿರುಗೂಣು ಅನ್ನಾಕ ಒಬ್ಬರಿಗೂ ಬಾಯಿ ಇರಲಿಲ್ಲ. ಬೀರಪ್ಪ ಒಂದು ನೆವ ಕೊಟ್ಟ. ತಗೊಂಡು ಮನಿಗೆ ಹೋದ್ವಿ."

ಅಸದುಲ್ಲಾ ಅವರೆ, ನಾನು ಎರಡು ವರ್ಷ ಕೊಲ್ಲುವವರನ್ನು ತಡೆದು ನಿಲ್ಲಿಸುವುದು ಏನು ಎಂದು ಹುಡುಕಿದೆ. ತಿರುಗಿ ಹೋಗಲು ಅವರೇ ದಾರಿ ಹುಡುಕುತ್ತಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಕೊಲೆ ನಡೆಯದ ಹನ್ನೊಂದು ಹಳ್ಳಿಗಳಿಗೆ ಇನ್ನೊಮ್ಮೆ ಹೋಗಿ ಬೇರೆ ಪ್ರಶ್ನೆ ಕೇಳಬೇಕು. ಪ್ರಬಂಧ ಇನ್ನೊಂದು ವರ್ಷ ತಡವಾಗುತ್ತದೆ. ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ, ಲಿಂಗಮ್ಮನ ಒಪ್ಪಿಗೆ ಪಡೆದು.

ಇನ್ನೊಂದು ವಿಷಯ. ಇದನ್ನು ಹೇಳಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಮುದ್ದಾಪುರದ ಕಣದಲ್ಲಿ ಸುಟ್ಟು ಸತ್ತ ಇಬ್ಬರಲ್ಲಿ ಒಬ್ಬ ಗಿಡ್ಡಯ್ಯನ ಮಗ. ನಿಮ್ಮ ಹೆಸರನ್ನು ನಾನು ಅಲ್ಲಿ ಹೇಳಿಲ್ಲ.

ಸೀತಾಲಕ್ಷ್ಮಿ


ಭದ್ರಾವತಿ
೨೪ ಜನವರಿ ೧೯೬೫

ಸೀತಾಲಕ್ಷ್ಮಿಯವರಿಗೆ,

ನಿಮ್ಮ ಕಾಗದ ಬಂದ ಮೇಲೆ ಹತ್ತು ದಿನ ಷೆಡ್ಡಿಗೆ ಹೋದೆ, ಬಂದೆ. ಒಂದು ಗೇರ್‌ಬಾಕ್ಸ್ ಎರಡು ಸಲ ತಪ್ಪು ಜೋಡಿಸಿದೆ. ಹನ್ನೊಂದನೆಯ ದಿನ ಅಮ್ಮನಿಗೆ ಹೇಳಿದೆ, ಮುದ್ದಾಪುರಕ್ಕೆ ಹೋಗ್ತೀನಿ ಎಂದು. ಅಮ್ಮ ಅಳಲಿಲ್ಲ. "ಹೋಗೋದಾದ್ರೆ ಹಗಲಲ್ಲಿ ಹೋಗು" ಎಂದಳು. ಮೆಹರ್ ಬಸ್ಸಿನವರೆಗೆ ಬಂದಳು.

ಗಿಡ್ಡಯ್ಯ ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ಬಹಳ ಮುದುಕನಾಗಿದ್ದಾನೆ. ನಿಂತುಕೊಂಡೇ ಹೇಳಿದೆ. ನಾನು ಹುಣಸೆದಿನ್ನಿಯ ಅಸದುಲ್ಲಾ, ಬಣವೆಗೆ ಪಂಜು ಇಟ್ಟವನು ನಾನೇ, ಅದರ ಹಿಂದೆ ಜನ ಇದ್ದದ್ದು ಗೊತ್ತಿರಲಿಲ್ಲ ಎಂದೆ. ಗೊತ್ತಿರಲಿಲ್ಲ ಎಂಬ ಮಾತು ಬಾಯಿಂದ ಬಂದ ಮೇಲೆ ಅದನ್ನು ಹೇಳಬಾರದಿತ್ತು ಅನ್ನಿಸಿತು. ನಾನು ನೋಡಿರಲಿಲ್ಲ, ಅಷ್ಟೆ.

ಅವನು ಹಗ್ಗ ಬಿಟ್ಟು ಎದ್ದು ಒಳಗೆ ಹೋದ. ಬಾಗಿಲು ಮುಚ್ಚಿತು.

ನಾನು ಕಟ್ಟೆಯ ಕೆಳಗೆ ನಿಂತೇ ಇದ್ದೆ. ಸುದ್ದಿ ಹರಡಿತು. ಜನ ಬಂದರು. ಹುಡುಗರೂ ಇದ್ದರು, ಇಪ್ಪತ್ತು ಇಪ್ಪತ್ತೆರಡರ ವಯಸ್ಸಿನವರು, ನಾನು ಆಗ ಇದ್ದ ಹಾಗೆ. ಸ್ವಲ್ಪ ದೂರದಲ್ಲಿ ನಿಂತು ನೋಡಿದರು. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಯಾರೂ ಮುಟ್ಟಲಿಲ್ಲ. ಕೂರುವುದು ಸರಿ ಅನ್ನಿಸಲಿಲ್ಲ. ಮಧ್ಯಾಹ್ನ ಆಯಿತು. ಜನ ಒಬ್ಬೊಬ್ಬರೇ ಊಟಕ್ಕೆ ಹೋದರು, ಮತ್ತೆ ಬರಲಿಲ್ಲ.

ಬಸ್ಸಿನ ಹೊತ್ತಿಗೆ ಗಿಡ್ಡಯ್ಯ ಹೊರಗೆ ಬಂದ. ನನ್ನ ಮುಖ ನೋಡಲಿಲ್ಲ. ರಸ್ತೆಯ ಕಡೆ ನೋಡುತ್ತ ಹೇಳಿದ.

"ಅವನ ಹೆಸರು ಯಂಕೋಬ. ಹತ್ತೊಂಬತ್ತು ವರ್ಷ. ನೀನು ತಿಳಕೊಂಡಿರಬೇಕು."

ನಾನು ಆ ಹೆಸರನ್ನು ಒಂದು ಸಲ ಹೇಳಿದೆ. ಅವನು ತಲೆಯಾಡಿಸಿ ಒಳಗೆ ಹೋದ. ನಾನು ಬಸ್ಸು ಹತ್ತಿದೆ.

ನಿಮ್ಮ ಪುಸ್ತಕದಲ್ಲಿ ಎಂಟು ಹಳ್ಳಿ, ಹನ್ನೊಂದು ಹಳ್ಳಿ ಎಂದು ಏನೇ ಇರಲಿ, ಆ ಹೆಸರನ್ನು ಬರೆಯಿರಿ. ಸುಟ್ಟವನು ಯಾರು ಎಂದು ಓದಿದವರು ಕೇಳುತ್ತಾರೆ. ಅಲ್ಲಿ ನನ್ನ ಹೆಸರು ಹಾಕಿ. ಬದಲಿಸಬೇಡಿ.

ಅಸದುಲ್ಲಾ